ಬೀರು ಒಡೆದ ನಾಮಕರಣ

ಹೊಸ ಬೀರುವನ್ನು ಹಾರೆಯಿಂದ ಮೀಟಿದರೆ ಎಂಥ ಸದ್ದು ಬರುತ್ತದೆ, ಕೇಳಿದ್ದೀರಾ? ಹೋದ ಭಾನುವಾರ ನಾನು ಕೇಳಿದೆ. ಮೂಗೂರಿನ ಭಾವಮೈದನ ಮನೆಯಲ್ಲಿ, ಅವನ ಮಗುವಿನ ನಾಮಕರಣದ ದಿನ. ತಪ್ಪು ಯಾರದು? (ಊಹಿಸುವ ಕಷ್ಟ ಬೇಡ.)

ಹೈಸ್ಕೂಲಿನಲ್ಲಿರುವ ನನ್ನ ಮಗಳಿಗೆ ಅಪರೂಪಕ್ಕೊಮ್ಮೆ ಫಿಟ್ಸ್ ಬರುತ್ತದೆ. ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ ಮೂಗಿಗೆ ಹೊಡೆಯಲು ಡಾಕ್ಟರು ಸ್ಪ್ರೇ ಬರೆದುಕೊಟ್ಟಿದ್ದಾರೆ. ನಂಜನಗೂಡಿನಲ್ಲಿ ಬಸ್ ಹತ್ತಿದಾಗಿನಿಂದ ಅದು ಇದೆಯೇ ಎಂದು ಚೀಲ ತಡಕುತ್ತಲೇ ಇದ್ದೆ.

ಅಲ್ಲಿ ನೋಡಿದರೆ ಮನೆ ತುಂಬ ಚಿಳ್ಳೆಪಿಳ್ಳೆಗಳು. ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂದು ಡಬ್ಬಿಯ ಮೇಲೆ ಬರೆದಿತ್ತು. ಯಾರ ಕೈಗೂ ಸಿಗದಂತೆ ಬೀರುವಿನಲ್ಲಿಟ್ಟು ಅತ್ತೆಯಿಂದ ಬೀಗ ಹಾಕಿಸಿದೆ. ನೆಮ್ಮದಿಯಾಗಿ ಊಟಕ್ಕೆ ಕುಳಿತೆ.

ಪಂಕ್ತಿಯಲ್ಲೇ ಮಗಳು ಉರುಳಿದಳು. ಹೆಂಡತಿ ಅವಳನ್ನು ಮಗ್ಗುಲಿಗೆ ತಿರುಗಿಸಿ ವಾಚು ನೋಡತೊಡಗಿದಳು. ಬಾಯಿಗೆ ನೀರು ಬಿಡಲು ಬಂದವರನ್ನು ಗದರಿದಳು. ಆದರೆ ಅತ್ತೆಯನ್ನು ತಡೆಯುವವರಾರು? “ಕಬ್ಬುಣ ಕೊಡ್ರುಲಾ ಕೈಗೆ, ನಿಂತೋಯ್ತದೆ!” ಎನ್ನುತ್ತ ಸೊಂಟದ ಕೀ ಗೊಂಚಲನ್ನೇ ಮಗಳ ಅಂಗೈಗೆ ತುರುಕಿದರು.

ನಿಲ್ಲಲಿಲ್ಲ.

“ರೀ, ಐದು ನಿಮಿಷ ಆಯ್ತು. ಸ್ಪ್ರೇ ತನ್ನಿ!” ಎಂದಳು ಹೆಂಡತಿ.

ಬೀರುವಿಗೆ ಓಡಿದೆ. ಬೀಗ! ಕೀ ಎಲ್ಲಿ? ಎಲ್ಲರೂ ಮಗಳ ಮುಷ್ಟಿ ನೋಡಿದರು. ಬಿಗಿದ ಮುಷ್ಟಿ. ಬಿಡಿಸಲು ಹೋದೆ.

“ಬೆರಳು ಮುರೀತೀರಾ? ಬಿಡಿ!” ಹೆಂಡತಿ ಕೂಗಿದಳು.

ಅಷ್ಟರಲ್ಲಿ ಭಾವಮೈದ ಹಿತ್ತಿಲಿನಿಂದ ಹಾರೆ ತಂದ.

“ಹೊಸಾ ಬೀರು ಕಣೋ!” ಎಂದೆ. (ಆಗಲೂ ನನ್ನ ಚಿಂತೆ ನೋಡಿ!)

“ಬೀರು ಓದ್ರೆ ಓಯ್ತದೆ, ಪಕ್ಕಕ್ ಬನ್ನಿ ಭಾವ!”

ಧಡಾರ್!

ಡಾಕ್ಟರು ಬರೆದುಕೊಟ್ಟಷ್ಟನ್ನೇ, ತೋರಿಸಿಕೊಟ್ಟಂತೆಯೇ ಮೂಗಿಗೆ ಹೊಡೆದೆ. ಇನ್ನೊಂದು ಸಲ ಹೊಡೆಯಲು ಕೈ ತವಕಿಸಿತು. ಡಾಕ್ಟರನ್ನು ಕೇಳದೆ ಕೂಡದೆಂದು ಹೆಂಡತಿ ಕಿತ್ತುಕೊಂಡಳು. ನಡುಕ ನಿಧಾನವಾಗಿ ಇಳಿಯಿತು. ಮಗಳ ಉಸಿರನ್ನೇ ಗಮನಿಸುತ್ತ ಭಾವಮೈದನ ಕಾರಿನಲ್ಲಿ ನರಸೀಪುರದ ಆಸ್ಪತ್ರೆಗೆ ಹೋದೆವು. “ಗಾಬರಿ ಬೇಡ” ಎಂದರು ಅಲ್ಲಿನ ಡಾಕ್ಟರು. ಸಂಜೆ ಮಗಳು ಕಣ್ಣುಜ್ಜಿಕೊಂಡು, “ಪಾಯಸ ಮಿಕ್ಕಿದ್ಯಾ?” ಎಂದಾಗ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಕಷ್ಟಕಾಲಕ್ಕೆಂದು ತಂದದ್ದನ್ನೇ ನಾವು ಕಷ್ಟಪಟ್ಟು ಬಚ್ಚಿಡುತ್ತೇವಲ್ಲ, ಏಕೆ? ಈಗ ನಮ್ಮ ಮನೆಯಲ್ಲಿ ಸ್ಪ್ರೇ ಎತ್ತರದ ಗೂಡಿನಲ್ಲಿದೆ. ಬೀಗವಿಲ್ಲ. ಹೊರಗೆ ಹೋದರೆ ಹೆಂಡತಿಯ ಕೈಚೀಲದಲ್ಲಿ. (ನನ್ನನ್ನು ಯಾರು ನಂಬುತ್ತಾರೆ?)

ಅವತ್ತು ಆಸ್ಪತ್ರೆಯಿಂದ ಮರಳಿದಾಗ ಅತ್ತೆ ಮಾತ್ರ ಹಾರೆ ತೋರಿಸಿ, “ಕಬ್ಬುಣ ಬಂದ್ ಮ್ಯಾಕೆ ತಾನೇ ನಿಂತಿದ್ದು?” ಎಂದು ಗೆದ್ದುಬಿಟ್ಟರು.

ಹೊರಡುವಾಗ ಬೀರು ರಿಪೇರಿ ಮಾಡಿಸಿಕೊಡುತ್ತೇನೆ ಎಂದೆ. ಭಾವಮೈದ ನಕ್ಕ:

“ಬ್ಯಾಡ ಬುಡಿ ಭಾವ. ನೀವ್ ಇನ್ನೊಂದ್ ಸಲ ಬಂದೋಗೋಗಂಟ ಅದು ಅಂಗೇ ಇರ್ಲಿ!”