ಬಕ್ಕಪ್ಪ ಸ್ವಾಮಿಯ ನಡುಕ

ಬಕ್ಕಪ್ಪನ ಆಟೋ ಹತ್ತುವವರಿಗೆ ಎರಡು ಗುಣ ಬೇಕು: ತಾಳ್ಮೆ ಮತ್ತು ಗಟ್ಟಿ ಸೊಂಟ. ಸೊಂಟ ನನಗಿದೆ. ಮನೂರ್ ಕಡೆಯ ನಮ್ಮ ಊರಿನಿಂದ ನಾರಾಯಣಖೇಡದ ಶಾಲೆಗೆ ಹನ್ನೊಂದು ವರ್ಷದಿಂದ ಹೋಗಿ ಬರುತ್ತಿದ್ದೇನೆ, ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಅದರಲ್ಲಿ ಒಂದೆರಡು ವರ್ಷವಾದರೂ ಈ ಮನುಷ್ಯನ ಆಟೋ ತುಂಬಲಿ ಎಂದು ಕಾಯುವುದರಲ್ಲೇ ಕಳೆದಿರಬೇಕು. ಏಳು ಜನ ಕೂತಿದ್ದರೂ "ಇನ್ನೊಬ್ಬರು ಬರ್ಲತ್ತಾರ್ರಿ ಅಕ್ಕೋರ" ಎನ್ನುತ್ತಾನೆ. ಆ ಇನ್ನೊಬ್ಬರು ಇನ್ನೂ ತೊಗರಿ ಹೊಲದ ಆಚೆ ಬದುವಿನಲ್ಲಿರುತ್ತಾರೆ.

ಹದಿನೆಂಟು ವರ್ಷ ಕಳ್ಳು ಕುಡಿದವನು ಈತ. ಬೆಳಿಗ್ಗೆ ಎರಡು ಸೀಸೆ ಇಳಿಸಿದರೆ ಕೈ ಗಟ್ಟಿ, ಸಂಜೆ ಎರಡು ಇಳಿಸಿದರೆ ನಿದ್ದೆ ಗಟ್ಟಿ. ಅಂಥವನ ಆಟೋದಲ್ಲಿ ಯಾಕೆ ಕೂತಿರಿ ಎಂದು ನನ್ನನ್ನು ಕೇಳಬೇಡಿ. ಕುಡಿಯದವನ ಆಟೋ ನಮ್ಮೂರಿಗೆ ಬರುತ್ತಿರಲಿಲ್ಲ. ನಮ್ಮಲ್ಲಿ ಕಳ್ಳನ್ನು ಯಾರೂ ಚಟ ಎಂದು ಎಣಿಸುವುದೂ ಇಲ್ಲ. ಗಂಡಸರು, ಹೆಂಗಸರು, ಮುದುಕರು ಎಲ್ಲರೂ ಕುಡಿಯುತ್ತಾರೆ. ಗಿಡದಿಂದ ಇಳಿಸಿದ್ದು, ಹೊಟ್ಟೆಗೆ ತಂಪು ಎನ್ನುತ್ತಾರೆ. ಗಿಡದಿಂದ ದುಕಾನಿಗೆ ಬರುವ ದಾರಿಯಲ್ಲಿ ಅದಕ್ಕೆ ಯಾವ ಮತ್ತಿನ ಪುಡಿ ಬೀಳುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಎರಡು ವರ್ಷದ ಹಿಂದೆ ಕಾರ್ತಿಕದಲ್ಲಿ, ಹೆಂಡತಿ ಕೌಶಲ್ಯಾಳ ಕಾಟ ತಾಳಲಾರದೆ, ಬಕ್ಕಪ್ಪ ಅಯ್ಯಪ್ಪನ ಮಾಲೆ ಹಾಕಿದ. ನಲವತ್ತೊಂದು ದಿನದ ವ್ರತ. ಕರಿ ಬಟ್ಟೆ, ಬರಿಗಾಲು, ತಣ್ಣೀರ ಸ್ನಾನ. ಕಳ್ಳಿನ ವಾಸನೆಯೂ ಸುಳಿಯಬಾರದು. ಅದಕ್ಕೆ ಪ್ರತಿಯಾಗಿ ಊರು ಒಂದು ಮರ್ಯಾದೆ ಕೊಡುತ್ತದೆ. ಮಾಲೆ ಹಾಕಿದವನನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಹೆತ್ತ ತಾಯಿಯೂ 'ಸ್ವಾಮಿ' ಎನ್ನಬೇಕು. ನಿನ್ನೆಯವರೆಗೆ 'ಏ ಬಕ್ಕ್ಯಾ' ಎನ್ನಿಸಿಕೊಂಡವನು ಬೆಳಗಾಗುವುದರೊಳಗೆ ಸ್ವಾಮಿ ಆದ. ನಾನೂ ಕೈ ಮುಗಿದು, ಸ್ವಾಮಿ, ಸ್ವಲ್ಪ ಬೇಗ ಹೊರಡಿ, ಪ್ರಾರ್ಥನೆ ತಪ್ಪುತ್ತದೆ ಎಂದೆ. ಅವನ ಮುಖ ಅರಳಿತು. ಆಟೋ ಮಾತ್ರ ಹೊರಡಲಿಲ್ಲ.

ಮೂರನೆಯ ದಿನ ಸಂಜೆ ಭಜನೆಯ ನಡುವೆ ಸ್ವಾಮಿಯ ಕೈ ನಡುಗತೊಡಗಿತು. ಆಮೇಲೆ ಭುಜ, ಆಮೇಲೆ ಮೈಯೆಲ್ಲ. ಬೆವರು ಧಾರಾಕಾರ. ಮುಂದೆ ಕೂತಿದ್ದ ಪೋಚಮ್ಮ ಮುದುಕಿ, ದೇವರು ಬಂದ ಎಂದು ಥಟ್ಟನೆ ಕಾಯಿ ಒಡೆದಳು. ಅಯ್ಯಪ್ಪ ಯಾರ ಮೈಮೇಲೂ ಬರುವ ದೇವರಲ್ಲ ಎಂದು ಗುರುಸ್ವಾಮಿ ಶಿವಶಂಕರಪ್ಪನವರು ಗೊಣಗಿದರು. ಹಾಗಾದರೆ ಎಲ್ಲಮ್ಮ ಇರಬೇಕು ಎಂದು ಊರು ತೀರ್ಮಾನಿಸಿತು. ಮನ್ಮಥಪ್ಪ ತನ್ನ ಕಳೆದುಹೋದ ಎಮ್ಮೆಯ ಬಗ್ಗೆ ಕೇಳಿದ. ಸ್ವಾಮಿಯ ನಡುಗುವ ಕೈ ಮೂಡಲ ಕಡೆ ಹೋಯಿತು. ಮರುದಿನ ಎಮ್ಮೆ ಪಡುವಲಿನಿಂದ ಬಂತು. ದೇವಿ ತೋರಿಸಿದ್ದು ಎಮ್ಮೆ ಹೋದ ದಿಕ್ಕನ್ನು, ಬರುವ ದಿಕ್ಕನ್ನಲ್ಲ ಎಂದು ಅದಕ್ಕೂ ಅರ್ಥ ಹಚ್ಚಿದರು. ನಂಬುವವರ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಎಮ್ಮೆ ಬಂದ ದಿನವೇ, ಕೋಳಿ ಕೂಗುವ ಹೊತ್ತಿಗೆ, ಬಕ್ಕಪ್ಪ ಮನೆಯಲ್ಲಿ ಬಿದ್ದು ನಾಲಿಗೆ ಕಚ್ಚಿಕೊಂಡಿದ್ದ. ಬೆಳಕು ಹರಿದ ಮೇಲೆ ಕೌಶಲ್ಯಾ ಹೇಗೋ ಸಿಕ್ಕ ಬೇರೆ ಊರಿನ ಆಟೋದಲ್ಲಿ ಅವನನ್ನು ಹಾಕಿಕೊಂಡು ಹೊರಟಿದ್ದಳು. ಶಾಲೆಗೆ ಹೊರಟ ನಾನು ಅದನ್ನೇ ಹತ್ತಿದೆ. ಹಾಗಾಗಿ ನಾರಾಯಣಖೇಡದ ದವಾಖಾನೆಯಲ್ಲಿ ಡಾಕ್ಟರು ಹೇಳಿದ್ದೆಲ್ಲ ನನ್ನ ಕಿವಿಗೂ ಬಿತ್ತು. ಓಡುವ ಆಟೋಗೆ ಒಮ್ಮೆಲೇ ಬ್ರೇಕ್ ಹಾಕಿದರೆ ಏನಾಗುತ್ತದೆ, ಮೈಗೂ ಹಾಗೇ ಆಗಿದೆ; ಕಳ್ಳು ಬಿಡುವುದು ಒಳ್ಳೆಯದೇ, ಆದರೆ ನಮ್ಮನ್ನು ಕೇಳಿ ಬಿಡಬೇಕಿತ್ತು, ಪ್ರಾಣ ಹೋಗುತ್ತಿತ್ತು ಎಂದು ಅವರು ಬೈದರು. ಗುಳಿಗೆ ಕೊಟ್ಟು, ಪ್ರತಿ ಬುಧವಾರ ಬಂದು ಮುಖ ತೋರಿಸಲು ಹೇಳಿದರು.

ಊರಲ್ಲಿ ಹೇಳಬೇಡಿ ಎಂದು ಕೌಶಲ್ಯಾ ನನ್ನ ಕೈ ಹಿಡಿದಳು. ನಾನು ಹೇಳಲಿಲ್ಲ. ಅಷ್ಟೇ ಅಲ್ಲ, ಸ್ವಾಮಿಗೆ ಟೈಫಾಯಿಡ್ ಎಂದು ನಾನೇ ನಾಲ್ಕು ಮನೆಗೆ ಸುದ್ದಿ ಮುಟ್ಟಿಸಿದೆ.

ಮಾಲೆ ಇಳಿಸಿದ ದಿನ ನೇರವಾಗಿ ಕಳ್ಳಿನ ದುಕಾನಿಗೆ ಹೋಗುವುದು ನಮ್ಮವರ ಪದ್ಧತಿ. ನಲವತ್ತೊಂದು ದಿನದ ಬಾಕಿಯನ್ನು ಒಂದೇ ಸಂಜೆ ತೀರಿಸುತ್ತಾರೆ. ಬಕ್ಕಪ್ಪ ಹೋಗಲಿಲ್ಲ. ಮೈಮೇಲೆ ದೇವರು ಬಂದವನಲ್ಲವೇ, ಮಾಲೆ ಇಳಿದರೂ ಊರು ಅವನನ್ನು ಸ್ವಾಮಿ ಎಂದೇ ಕರೆಯಿತು. ಆಟೋದಲ್ಲಿ ಕೂರುವ ಮೊದಲು ಪೋಚಮ್ಮ ಅವನ ಕಾಲು ಮುಟ್ಟುತ್ತಿದ್ದಳು. ಬುಧವಾರಗಳಂದು ಅವನು ಕದ್ದುಮುಚ್ಚಿ ಗುಳಿಗೆ ತರುತ್ತಿದ್ದ. ಇನ್ನೆಷ್ಟು ದಿನ ಈ ನಾಟಕ ಎಂದು ನಾನೊಮ್ಮೆ ಗದರಿದೆ. ಅವನು ನಗಲಿಲ್ಲ.

"ಸ್ವಾಮಿ ಅಂತಾರ್ರಿ, ಅದಕ್ಕ ಕುಡಿಯಾಕ ಮನಸ್ಸು ಬರಂಗಿಲ್ಲ. ನಾಳಿ ಬಕ್ಕ್ಯಾ ಅಂದ್ರ, ನಾಳೇನೇ ದುಕಾನ್ ಕಡಿ ಹೋಗ್ತೀನಿ ಅಂತ ಅಂಜಿಕಿ ಅದ."

ಆಮೇಲೆ ನಾನು ಆ ಮಾತೆತ್ತಲಿಲ್ಲ.

ಹೋದ ವರ್ಷ ಗೌಂಡಿ ಜೈಪಾಲ ಮಾಲೆ ಹಾಕಿದ. ಗೋಡೆ ಕಟ್ಟುವುದರಲ್ಲಿ ಅವನ ಕೈ ನೂಲಿನಷ್ಟು ನೇರ, ಕುಡಿತದಲ್ಲಿ ಬಕ್ಕಪ್ಪನಿಗಿಂತ ಎರಡು ಸೀಸೆ ಮುಂದೆ. ಮೂರನೆಯ ದಿನ ಸಂಜೆ ಭಜನೆಯಲ್ಲಿ ಅವನೂ ನಡುಗಿದ. ಪೋಚಮ್ಮ ಕಾಯಿ ಒಡೆದಳು. ಜೈಪಾಲನ ಹೆಂಡತಿ ಶಿಲ್ಪಾರಾಣಿ ಹೆದರಿಕೆ, ಹೆಮ್ಮೆ ಎರಡೂ ತುಂಬಿದ ಮುಖದಲ್ಲಿ ಕೈ ಮುಗಿದು ನಿಂತಳು. ಬಂದವನು ಯಾವ ದೇವರು ಎಂದು ಗುರುತು ಹಿಡಿಯಲು ಬಕ್ಕಪ್ಪ ಸ್ವಾಮಿಯನ್ನು ಕರೆತಂದರು.

ಬಕ್ಕಪ್ಪ ಜೈಪಾಲನ ಕೈ ಹಿಡಿದ. ಅಂಗೈ ಮುಟ್ಟಿದ, ಕಣ್ಣು ನೋಡಿದ. ಆಮೇಲೆ ಜನರ ನಡುವೆ ನನ್ನನ್ನು ಹುಡುಕಿದ. ನಾನು ತಲೆ ತಗ್ಗಿಸಿದೆ. ನಿಜ ಗೊತ್ತಿದ್ದ, ಓದಿದ, ಸಂಬಳ ಎಣಿಸುವ ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

"ಇಂವಗ ದೇವರು ಬಂದಿಲ್ಲ," ಎಂದ ಬಕ್ಕಪ್ಪ. "ಕಳ್ಳು ಒಮ್ಮೆಲೇ ಬಿಟ್ಟಾನ, ಅದಕ್ಕ ನಡಗಲತ್ತಾನ. ನನಗೂ ಬಂದಿದ್ದಿಲ್ಲ. ನಾ ಫಿಟ್ಸ್ ಬಂದು ಬಿದ್ದಿದ್ದೆ, ದವಾಖಾನಿ ಗುಳಗಿ ತಿಂದು ಬದುಕೀನಿ. ಊರಿಗೆಲ್ಲ ಸುಳ್ಳು ಹೇಳೀನಿ."

ತಾಳ ಬಾರಿಸುತ್ತಿದ್ದವರ ಕೈ ನಿಂತಿತು. ಹಾಗಾದರೆ ನಮ್ಮ ಎಮ್ಮೆಯದೇನು ಎಂದು ಮನ್ಮಥಪ್ಪ ಕೇಳಿದ. ಎಮ್ಮೆ ತಾನೇ ಬಂತು ಅಣ್ಣ ಎಂದು ಹೇಳಿ, ಬಕ್ಕಪ್ಪ ಜೈಪಾಲನನ್ನು ಎತ್ತಿ ಆಟೋದಲ್ಲಿ ಹಾಕಿದ. ಶಿವಶಂಕರಪ್ಪನವರು ಒಂದು ಕಡೆ, ಶಿಲ್ಪಾರಾಣಿ ಒಂದು ಕಡೆ ಹಿಡಿದರು. ನಾನು ಕಂಡಂತೆ ಮೊದಲ ಸಲ ಬಕ್ಕಪ್ಪನ ಆಟೋ ಯಾರಿಗೂ ಕಾಯದೆ ಹೊರಟಿತು. ದವಾಖಾನೆಯ ಮೆಟ್ಟಿಲ ಮೇಲೆಯೇ ಜೈಪಾಲನಿಗೆ ಫಿಟ್ಸ್ ಬಂತು, ಡಾಕ್ಟರು ಅಲ್ಲೇ ಇದ್ದುದರಿಂದ ಬದುಕಿದ.

ಗುರುಸ್ವಾಮಿಗಳು ಹೊಸ ನಿಯಮ ಮಾಡಿದರು: ಕಳ್ಳಿನ ಅಭ್ಯಾಸ ಇದ್ದವರು ಒಂದು ತಿಂಗಳು ಮೊದಲೇ ಡಾಕ್ಟರನ್ನು ಕಂಡು, ಅವರು ಹೇಳಿದಂತೆ ಕಡಿಮೆ ಮಾಡಿಕೊಂಡು ಬಂದರೆ ಮಾತ್ರ ಮಾಲೆ. ಇದೆಲ್ಲ ಚೆನ್ನಾಗಿಯೇ ಆಯಿತು. ಬಕ್ಕಪ್ಪನದು ಮಾತ್ರ ಚೆನ್ನಾಗಿರಲಿಲ್ಲ. ಸ್ವಾಮಿ ಎನ್ನುವವರು ಒಬ್ಬರೂ ಉಳಿಯಲಿಲ್ಲ. ಸುಳ್ಳ ಎಂದು ಕೆಲವರು ಅವನ ಆಟೋ ಬಿಟ್ಟರು. ಒಂದು ಮಂಗಳವಾರ ಸಂಜೆ ಅವನು ನನ್ನನ್ನು ಮನೆಯ ಮುಂದೆ ಇಳಿಸಿ, ದುಕಾನಿನ ಬಾಗಿಲವರೆಗೆ ಹೋಗಿ ಬಂದೆ ಎಂದು ಸಣ್ಣ ದನಿಯಲ್ಲಿ ಹೇಳಿದ. ಒಳಗೆ ಹೋಗಲಿಲ್ಲವಂತೆ. ನಾಳೆಯದು ಗೊತ್ತಿಲ್ಲವಂತೆ.

ಮರುದಿನ ಬುಧವಾರ, ದವಾಖಾನೆಯ ದಿನ. ನಾನು ಹೋಗುವಷ್ಟರಲ್ಲಿ ಆಟೋದಲ್ಲಿ ಪೋಚಮ್ಮ ಕೂತಿದ್ದಳು. ಜೈಪಾಲನ ವಿಷಯವಾದಾಗಿನಿಂದ ಅವಳು ಬಕ್ಕಪ್ಪನ ಜೊತೆ ಮಾತು ಬಿಟ್ಟಿದ್ದಳು. ಅವನು ಯಾವೂರಿಗೆ ಎಂದು ಕೇಳಿದ. ಅವಳು ಸೆರಗಿನಿಂದ ಎರಡೂ ಕೈ ಹೊರತೆಗೆದು ಅವನ ಮುಂದೆ ಹಿಡಿದಳು. ಬೆರಳುಗಳು ನಿಲ್ಲುತ್ತಿರಲಿಲ್ಲ.

"ನಲವತ್ತು ವರ್ಷ ಆತು ಕುಡಿಯಾಕ ಹತ್ತಿ," ಎಂದಳು. "ನೀ ದೇವರಿದ್ದಾಗ ಹೇಳಾಕ ನಾಚಿಕಿ ಬರ್ತಿತ್ತು. ಈಗ ಹೇಳಬಹುದು. ನನ್ನೂ ಕರ್ಕೊಂಡು ಹೋಗು, ಬಕ್ಕಪ್ಪ."