ನಮ್ಮ ಬೀದಿಯ ಅರ್ಜಿ

ನನ್ನ ಅಕ್ಷರ ದುಂಡಗಿದೆ. ನನ್ನ ಬಾಳಿನ ದೊಡ್ಡ ತೊಂದರೆ ಇದೇ ಎಂದರೆ ನೀವು ನಗಬಹುದು. ಅಕ್ಷರ ಕೆಟ್ಟದಾಗಿದ್ದವರನ್ನು ಊರು ಅವರ ಪಾಡಿಗೆ ಬಿಡುತ್ತದೆ. ದುಂಡಗೆ ಬರೆಯುವವನ ಮನೆ ಬಾಗಿಲಿಗೆ ಮಾತ್ರ ದಿನ ಬೆಳಗಾದರೆ ಯಾರಾದರೂ ಬಿಳಿ ಹಾಳೆ ಹಿಡಿದು ಬರುತ್ತಾರೆ: "ಮೇಷ್ಟ್ರೇ, ಒಂದ್ ಅರ್ಜಿ ಬರ್ಕೊಡಿ."

ನಾನು ಹುಟ್ಟಿದ್ದು ಚೇಳೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅಲ್ಲಿ ಕೆರೆ ಏರಿ ಬಿರುಕು ಬಿಟ್ಟರೆ ತಳವಾರ ತಮಟೆ ಬಡಿದು ಸಾರುತ್ತಿದ್ದ: ನಾಳೆ ಮನೆಗೊಂದಾಳು. ಮಾರನೆಯ ಬೆಳಗ್ಗೆ ಪ್ರತಿ ಮನೆಯಿಂದಲೂ ಒಬ್ಬ ಮಂಕರಿ, ಗುದ್ದಲಿ ಹಿಡಿದು ಏರಿಯ ಮೇಲೆ ಇರಬೇಕು. ಆಳು ಕಳಿಸದ ಮನೆಯವರನ್ನು ಆಮೇಲೆ ಒಂದು ತಿಂಗಳು ಯಾರೂ ಮಾತನಾಡಿಸುತ್ತಿರಲಿಲ್ಲ. ಹಾಗೆಂದು ಆ ಕಾಲ ಸುವರ್ಣಯುಗವೆಂದು ಹೊಗಳಲಾರೆ. ಏರಿ ಕಟ್ಟುವಾಗ ಬೇಕಾಗಿದ್ದ ಎಷ್ಟೋ ಕೈಗಳು ಅದೇ ಕೆರೆಯ ನೀರನ್ನು ಮುಟ್ಟುವಂತಿರಲಿಲ್ಲ. ಆದರೂ ಏರಿ ಒಡೆದರೆ ಗದ್ದೆ ಮುಳುಗುವುದು ನಮ್ಮದೇ ಎಂಬ ಬುದ್ಧಿಯಾದರೂ ಜನಕ್ಕಿತ್ತು.

ಅರ್ಜಿ ಬರೆಯುವ ವಿದ್ಯೆ ಹತ್ತಿದ್ದು ಕುಣಿಗಲ್ಲಿನಲ್ಲಿ, ನಾನು ಮೊದಲ ಸಲ ಮೇಷ್ಟರ ಕೆಲಸಕ್ಕೆ ಸೇರಿದಾಗ. 'ವಿಧೇಯ ಪ್ರಜೆಗಳು ತಮ್ಮ ಪಾದಗಳಲ್ಲಿ ಮಾಡಿಕೊಳ್ಳುವ ವಿಜ್ಞಾಪನೆ' ಎಂದು ಶುರುಮಾಡಿದರೆ ನನ್ನ ಲೇಖನಿ ನಿಲ್ಲುತ್ತಿರಲಿಲ್ಲ. ಮಹಾರಾಜರ ಕಾಲ ಹೋಗಿ ಸಂವಿಧಾನ ಬಂತು, ನಾವೆಲ್ಲ ಪ್ರಜೆಗಳಾಗಿದ್ದವರು ಪೌರರಾದೆವು. ನನ್ನ ಅರ್ಜಿಯ ಒಕ್ಕಣೆ ಮಾತ್ರ ಒಂದಕ್ಷರ ಬದಲಾಗಲಿಲ್ಲ. ತಮಾಷೆಯೆಂದರೆ ಶಾಲೆಯಲ್ಲಿ ನಾನು ಹೇಳಿಕೊಡುತ್ತಿದ್ದ ಪಾಠ ಪೌರನೀತಿ. 'ಉತ್ತಮ ಪೌರನ ಕರ್ತವ್ಯಗಳಾವುವು?' ಎಂದು ಪರೀಕ್ಷೆಯಲ್ಲಿ ಕೇಳುತ್ತಿದ್ದೆ. ಪುಸ್ತಕದಲ್ಲಿದ್ದಂತೆ ಬರೆದವರಿಗೆ ಪೂರ್ತಿ ಅಂಕ. ನಮ್ಮ ಸೀಮೆಯ ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದವನ ಹೆಸರಿದೆ, ತೂಬು ಇಡಿಸಿದವನ ಹೆಸರಿದೆ. ಅರ್ಜಿ ಬರೆದವನ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಿದ ಹಾಗೆ ಕಾಣೆ. ಇದು ನನಗೆ ಆಗಲೇ ಹೊಳೆಯಬೇಕಿತ್ತು.

ಏಕೀಕರಣವಾಗಿ ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ ನಾನು ತುಮಕೂರಿನಲ್ಲಿ, ಉಪ್ಪಾರಹಳ್ಳಿಯ ಒಂದು ಬೀದಿಯಲ್ಲಿದ್ದೆ. ಬೀದಿಗೆ ಅಡ್ಡಲಾಗಿ ಹೋಗುವ ಮೋರಿಯ ಮೇಲಿನ ಚಪ್ಪಡಿಯನ್ನು ಯಾವುದೋ ಲಾರಿ ಒದ್ದು ಪಕ್ಕಕ್ಕೆ ಸರಿಸಿ ಹೋಯಿತು. ಎದೆಮಟ್ಟದ ಗುಂಡಿ ಬಾಯಿ ತೆರೆಯಿತು. ಚಪ್ಪಡಿ ಒಡೆದಿರಲಿಲ್ಲ, ಗುಂಡಿಯಿಂದ ನಾಲ್ಕು ಮೊಳ ದೂರದಲ್ಲಿ ಸುಮ್ಮನೆ ಬಿದ್ದಿತ್ತು. ಬೀದಿಯವರೆಲ್ಲ ಸೇರಿ ಗಂಭೀರವಾಗಿ ಆಲೋಚಿಸಿ ಒಂದು ತೀರ್ಮಾನಕ್ಕೆ ಬಂದೆವು: ಅರ್ಜಿ ಹಾಕುವುದು. ಬರೆದವನು ನಾನೇ. ಸಹಿ ಹಾಕಿಸಲು ಎರಡು ವಾರ ಹಿಡಿಯಿತು, ಮೊದಲ ಸಹಿ ಯಾರದಿರಬೇಕು ಎಂಬುದು ಇತ್ಯರ್ಥವಾಗಬೇಕಿತ್ತಲ್ಲ.

ಸಹಿಯ ಹಾಳೆ ನನ್ನ ಜಗುಲಿಯ ಮೇಲಿದ್ದಾಗ ಸೊಪ್ಪಿನ ಸಿದ್ದಮ್ಮ ಬಂದಳು. ಗೂಳೂರಿನಿಂದ ದಿನಾ ಬೆಳಗ್ಗೆ ತಲೆಯ ಮೇಲೆ ಮಂಕರಿ ಹೊತ್ತು ನಡೆದು ಬರುವವಳು, ಆ ಮೋರಿ ದಾಟಿಯೇ ನಮ್ಮ ಮನೆಗಳಿಗೆ ಬರಬೇಕು.

"ನಂದೂ ಒಂದ್ ಹೆಬ್ಬೆಟ್ಟು ಒತ್ತುಸ್ಕಳಿ ಸ್ವಾಮಿ," ಎಂದಳು.

"ಇದು ಬೀದಿಯೋರ ಅರ್ಜಿ ಕಣಮ್ಮ. ನೀನು ಗೂಳೂರೋಳು, ನಿಂದು ನಡಿಯಲ್ಲ," ಎಂದೆ.

"ಹಂಗಾರೆ ಬುಡಿ. ಇಷ್ಟ್ ಜನ ಗಂಡಸ್ರು ಇದೀರ, ಆ ಕಲ್ಲಿಗೆ ಒಂದೊಂದ್ ಕೈ ಹಾಕ್ಬಾರ್ದಾ? ನಾನೂ ಹಿಡೀತೀನಿ."

"ಅದು ಸರ್ಕಾರದ ಕಲ್ಲು, ನಾವು ಮುಟ್ಟಂಗಿಲ್ಲ," ಎಂದು ಅವಳಿಗೇ ಪೌರನೀತಿ ಹೇಳಿದೆ.

ಎರಡು ದಿನ ಬಿಟ್ಟು ನೋಡಿದರೆ ಗುಂಡಿಯ ಮೇಲೆ ಒಂದು ಹಲಗೆ. ಯಾವುದೋ ಹಳೆಯ ಬಾಗಿಲಿನದು, ಸಿದ್ದಮ್ಮ ಊರಿಂದ ಹೊತ್ತು ತಂದು ಹಾಕಿದ್ದಳು. ಒಂದು ವಾರ ನಾವೆಲ್ಲ ಅದರ ಮೇಲೆಯೇ ಓಡಾಡಿದೆವು, ಯಾರೂ ಅವಳಿಗೆ ಒಂದು ಒಳ್ಳೆಯ ಮಾತೂ ಹೇಳಲಿಲ್ಲ.

ಅಷ್ಟರಲ್ಲಿ ನಮ್ಮ ಅರ್ಜಿಯ ಮೇಲೆ ಸ್ಥಳ ತನಿಖೆಗೆ ಪುರಸಭೆಯ ಓವರ್‌ಸಿಯರ್ ಬರುತ್ತಾನೆಂದು ತಿಳಿಯಿತು. ಎದುರು ಮನೆಯ ಕೊಬ್ಬರಿ ಮಂಡಿ ರುದ್ರಪ್ಪ ಓಡಿ ಬಂದ. "ಮೇಷ್ಟ್ರೇ, ಹಲಗೆ ಮುಚ್ಚುದ್ರೆ ಅವ್ನಿಗೆ ಏನ್ ಕಾಣ್ತದೆ? ಅರ್ಜಿ ಬಿದ್ದೋಯ್ತದೆ, ಮೊದ್ಲು ತೆಗೀರಿ!"

ಮಾತು ನನಗೆ ಒಪ್ಪಿಗೆಯಾಯಿತು. ಅಷ್ಟು ಚೆಂದದ ಅರ್ಜಿಗೆ ತಕ್ಕ ಗುಂಡಿ ಇರಬೇಡವೇ? ನಾನೇ ನನ್ನ ಕೈಯಾರೆ ಹಲಗೆ ಎತ್ತಿ ಗೋಡೆಗೆ ಒರಗಿಸಿದೆ. ಓವರ್‌ಸಿಯರ್ ಅಂದು ಬರಲಿಲ್ಲ. ರಾತ್ರಿ ಮಳೆ ಹೊಯ್ದು ಬೆಳಗ್ಗೆ ಬೀದಿ ತುಂಬ ಕೆಂಪು ನೀರು. ಗುಂಡಿ ಯಾವುದು, ದಾರಿ ಯಾವುದು ಗೊತ್ತಾಗುತ್ತಿರಲಿಲ್ಲ. ಹಲಗೆ ಇದೆಯೆಂದೇ ನಂಬಿ ಸಿದ್ದಮ್ಮ ಕಾಲಿಟ್ಟಳು.

ಕೂಗು ಕೇಳಿ ನಾವು ಓಡಿದಾಗ ಸೊಪ್ಪಿನ ಕಟ್ಟುಗಳು ನೀರಿನ ಮೇಲೆ ತೇಲುತ್ತಿದ್ದವು. ಅವಳನ್ನು ಎತ್ತಿ ಜಟಕಾದಲ್ಲಿ ಆಸ್ಪತ್ರೆಗೆ ಸಾಗಿಸಿದೆವು, ಸೊಂಟದ ಮೂಳೆ ಮುರಿದಿತ್ತು. ವಾಪಸು ಬಂದವರು ಯಾರೂ ಯಾರ ಮುಖವನ್ನೂ ನೋಡದೆ ಆ ಚಪ್ಪಡಿಗೆ ಕೈ ಹಾಕಿದೆವು. ಐದು ಜನ ಸಾಕಾಯಿತು, ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮುಂದಿನ ವಾರ ಓವರ್‌ಸಿಯರ್ ಬಂದು ನೋಡಿ, ಚಪ್ಪಡಿ ಸರಿಯಾಗಿಯೇ ಇದೆ, ಅರ್ಜಿಯಲ್ಲಿ ಹುರುಳಿಲ್ಲ ಎಂದು ಬರೆದುಕೊಂಡು ಹೋದ.

ನಾನು ಏನು ಮಾಡಿದೆ ಗೊತ್ತೇ? ಇನ್ನೊಂದು ಅರ್ಜಿ ಬರೆದೆ. ಸಿದ್ದಮ್ಮನಿಗೆ ಸರ್ಕಾರದ ಪರಿಹಾರ ಕೊಡಿಸಬೇಕೆಂದು. ಅದನ್ನು ಹಿಡಿದು ಗೂಳೂರಿಗೆ ಹೋದೆ. ಚಾಪೆಯ ಮೇಲೆ ಮಲಗಿದ್ದವಳು "ಓದಿ ಸ್ವಾಮಿ, ಕೇಳ್ತೀನಿ" ಎಂದಳು. ಓದುತ್ತಾ ಹೋದೆ. 'ಯಾರೋ ಕಿಡಿಗೇಡಿಗಳು ಸದರಿ ಹಲಗೆಯನ್ನು ತೆಗೆದು ಹಾಕಿದ್ದರಿಂದ' ಎಂಬಲ್ಲಿಗೆ ಬಂದಾಗ ಅವಳು ತಡೆದಳು.

"ಯಾರು ಅಂತ ಗೊತ್ತಾಗ್ಲಿಲ್ವಾ?"

"ಇಲ್ಲ ಕಣಮ್ಮ," ಎಂದೆ.

"ಹೋಗ್ಲಿ ಬುಡಿ. ಈಗ ನನ್ ಹೆಬ್ಬೆಟ್ಟು ನಡೀತದಾ?"

"ನಡಿಯತ್ತೆ," ಎಂದು ಅವಳ ಹೆಬ್ಬೆರಳಿಗೆ ಮಸಿ ಹಚ್ಚಿ ನನ್ನ ಸುಳ್ಳಿನ ಕೆಳಗೆ ಒತ್ತಿಸಿಕೊಂಡೆ.

ಸಿದ್ದಮ್ಮ ಆ ಚಾಪೆಯಿಂದ ಮೇಲೇಳಲಿಲ್ಲ. ಸಂಕ್ರಾಂತಿಗೆ ಮೊದಲೇ ತೀರಿಕೊಂಡಳು. ಅದಾದ ಮೇಲೆ ನಮ್ಮ ಬೀದಿಯಲ್ಲಿ ದೀಪ ಕೆಟ್ಟಿದೆ, ನಲ್ಲಿ ಒಡೆದಿದೆ, ಎರಡು ಚುನಾವಣೆ ನಡೆದಿವೆ. ಪ್ರತಿ ಸಲವೂ ಜನ ಹಾಳೆ ಹಿಡಿದು ನನ್ನ ಬಾಗಿಲಿಗೇ ಬಂದಿದ್ದಾರೆ, ನಾನೂ ಬರೆದುಕೊಟ್ಟಿದ್ದೇನೆ.

ಪರಿಹಾರದ ಅರ್ಜಿಗೆ ಉತ್ತರ ಬಂದದ್ದು ಅವಳು ಸತ್ತು ಎಷ್ಟೋ ದಿನಗಳಾದ ಮೇಲೆ, ಬರೆದವನ ವಿಳಾಸಕ್ಕೆ. ಸದರಿ ಕಿಡಿಗೇಡಿಗಳ ಹೆಸರು ಮತ್ತು ವಿಳಾಸ ತಿಳಿಸಿದರೆ ಮುಂದಿನ ಕ್ರಮ ಜರುಗಿಸಲಾಗುವುದು ಎಂದಿತ್ತು. ಹೆಸರು ನನಗೆ ಗೊತ್ತು. ವಿಳಾಸ ಅದೇ ಲಕೋಟೆಯ ಮೇಲೆಯೇ ಇತ್ತು. ಇಷ್ಟು ದುಂಡಗಿನ ಅಕ್ಷರ ಇಟ್ಟುಕೊಂಡು ನಾನು ಈವರೆಗೆ ಉತ್ತರ ಬರೆಯದೆ ಉಳಿಸಿರುವ ಕಾಗದ ಅದೊಂದೇ.