ಗೂಬೆ ಮಾಮ ಹತ್ತದ ಗೋಪುರ

ಬೀದಿಯ ಮಕ್ಕಳು ಅವನಿಗೆ ಗೂಬೆ ಮಾಮ ಎಂದು ಹೆಸರಿಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಊರೆಲ್ಲ ಉಂಡು ದೀಪ ಆರಿಸುವ ಹೊತ್ತಿಗೆ ಅವನು ತಲೆ ಬಾಚಿಕೊಂಡು ಕೆಲಸಕ್ಕೆ ಹೊರಡುತ್ತಿದ್ದ. ಊರು ಎದ್ದು ಹಲ್ಲುಜ್ಜುವಾಗ ಹುಬ್ಬಿನವರೆಗೂ ಮೈದಾ ಮೆತ್ತಿಕೊಂಡು, ಕಂಕುಳಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ ಇಟ್ಟುಕೊಂಡು ಮನೆಗೆ ಬರುತ್ತಿದ್ದ. ಬೇಕರಿಯಲ್ಲಿ ಅವನದು ಒಲೆಯ ಕೆಲಸ. ಇಟ್ಟಿಗೆಯಲ್ಲಿ ಕಟ್ಟಿದ ದೊಡ್ಡ ಸೌದೆ ಒಲೆ. ಅದರ ಬಾಯಿಗೆ ಬರಿಗೈ ಒಡ್ಡಿ, ಕಾವು ಬನ್ನಿಗೆ ಹೆಚ್ಚಾಯಿತೋ ರಸ್ಕಿಗೆ ಕಡಿಮೆಯಾಯಿತೋ ಎಂದು ಹೇಳಬೇಕು. ಉದ್ದ ಹಿಡಿಯ ಮರದ ಹಲಗೆಯಲ್ಲಿ ಅಚ್ಚುಗಳನ್ನು ಒಳಗೆ ತಳ್ಳಬೇಕು, ಹದ ನೋಡಿ ಹೊರಗೆಳೆಯಬೇಕು.

ಮಲಗುವ ಕೋಣೆಯ ಕಿಟಕಿಗೆ ಹೆಂಡತಿ ದಪ್ಪ ಕಪ್ಪು ಪರದೆ ಹೊಲಿದು ಹಾಕಿದ್ದಳು. ಹಗಲಿಡೀ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ಮಗಳು ಹುಟ್ಟಿದ ಮೇಲೆ ಆ ಕೂಸು ಮಾತು ಕಲಿಯುವುದಕ್ಕಿಂತ ಮೊದಲು ಪಿಸುಮಾತು ಕಲಿಯಿತು. ಗಂಡ ಹೆಂಡತಿ ಇಬ್ಬರೂ ಎಚ್ಚರವಾಗಿ ಎದುರುಬದುರು ಕೂರುತ್ತಿದ್ದದ್ದು ಸಂಜೆಯ ಸ್ವಲ್ಪ ಹೊತ್ತು ಮಾತ್ರ. ಆ ಸಂಸಾರದಲ್ಲಿ ಪ್ರೀತಿಗೆ ಬರವಿರಲಿಲ್ಲ, ಪುರುಸೊತ್ತಿಗೆ ಇತ್ತು.

ವರ್ಷಕ್ಕೊಮ್ಮೆ ಒಲೆಯೊಳಗಿನ ಸವೆದ ಇಟ್ಟಿಗೆ ಬದಲಿಸಲು ಬೆಂಕಿ ಆರಿಸಲೇಬೇಕಿತ್ತು. ಒಲೆ ಆರಲು ಬಿಟ್ಟ ಆ ಒಂದು ದಿನ ಎಲ್ಲರಿಗೂ ರಜೆ. ಧಣಿ ಬ್ರೆಡ್ಡು ಸಾಗಿಸುವ ವ್ಯಾನನ್ನೇ ಕೊಟ್ಟು, "ಹೋಗಿ, ಕಾಡು ಸುತ್ತಾಡ್ಕೊಂಡು ಬನ್ನಿ" ಎಂದು ಕೆಲಸಗಾರರನ್ನು ಕಳಿಸುತ್ತಿದ್ದರು. ಊರಿನಾಚೆ ಗುಡ್ಡಕ್ಕೆ ಒರಗಿಕೊಂಡಂತೆ ಕಾಡು. ಕಾಲುದಾರಿಯಲ್ಲಿ ಮೊದಲು ಹಳೆಯ ಕಲ್ಲುಸೇತುವೆ, ಆಮೇಲೆ ಹಿಂದೆ ಕಲ್ಲು ಸುಟ್ಟು ಸುಣ್ಣ ಮಾಡುತ್ತಿದ್ದ, ಈಗ ಪಾಳುಬಿದ್ದ ಸುಣ್ಣದ ಗೂಡು, ಗುಡ್ಡದ ನೆತ್ತಿಯಲ್ಲಿ ಕಾಡುಕಿಚ್ಚು ಕಾಯುವವರಿಗಾಗಿ ಹಿಂದೆ ಕಟ್ಟಿದ್ದ ಕಲ್ಲಿನ ಗೋಪುರ. ಅದರ ಮೇಲೆ ನಿಂತರೆ ಇಡೀ ಊರು ಕಾಣುತ್ತದೆ ಎಂದು ಹೋಗಿ ಬಂದವರೆಲ್ಲ ಹೇಳುತ್ತಿದ್ದರು.

ಬೇಕರಿಯವರಿಗೆ ಮಾತ್ರ ಕಾಣಲಿಲ್ಲ. ಅವರು ಮಾಡಿದ ತಪ್ಪನ್ನು ಬೇಕರಿಯವರು ಮಾತ್ರ ಮಾಡಲು ಸಾಧ್ಯ. ರಾತ್ರಿಯೆಲ್ಲ ಬೆವರು ಸುರಿಸಿ ಕೊನೆಯ ಅಚ್ಚು ಹೊರಗೆಳೆದವರು ಮನೆಗೂ ಹೋಗದೆ ಬೆಳಿಗ್ಗೆ ನೇರ ವ್ಯಾನು ಹತ್ತುತ್ತಿದ್ದರು. ಕಲ್ಲುಸೇತುವೆಯವರೆಗೆ ಹಾಡು, ಕೇಕೆ. ಸುಣ್ಣದ ಗೂಡಿನ ಹತ್ತಿರ ಎಲ್ಲರೂ ಒಬ್ಬೊಬ್ಬರಾಗಿ ಅದರೊಳಗೆ ತಲೆ ತೂರಿಸಿ, "ಇದನ್ನ ಕಟ್ಟಿದವನಿಗೆ ಹೊಗೆ ಎಲ್ಲಿಂದ ಹೋಗ್ಬೇಕು ಅನ್ನೋದೇ ಗೊತ್ತಿರ್ಲಿಲ್ಲ" ಎಂದು ತೀರ್ಪು ಕೊಡುವರು. ಅಲ್ಲಿಂದ ನಾಲ್ಕು ಹೆಜ್ಜೆ ಮೇಲಕ್ಕೆ ಒಂದು ದೊಡ್ಡ ಮರ. ಬೇರುಗಳು ಆರಾಮಕುರ್ಚಿಯ ಕೈಗಳ ಹಾಗೆ ಚಾಚಿಕೊಂಡಿದ್ದವು. ನಡುವೆ ತರಗೆಲೆಯ ಮೆತ್ತೆ. ಹಿಟ್ಟು ನಾದುವವನಿಗೆ ಭೀಮ ಎಂದು ಅಡ್ಡಹೆಸರು. ಪ್ರತಿ ವರ್ಷವೂ ಅವನೇ ಹೇಳುತ್ತಿದ್ದ: "ಒಂದೈದು ನಿಮಿಷ ಕೂತು ಹೋಗೋಣ ಕಣ್ರೋ." ಅಷ್ಟೇ. ಅವರ ಮೈಗೆ ಅದು ನಡುರಾತ್ರಿ. ಗೊರಕೆಗೆ ಮೇಲಿನ ಕೊಂಬೆಯ ಹಕ್ಕಿಗಳೆಲ್ಲ ಜಾಗ ಬದಲಿಸುತ್ತಿದ್ದವು. ಹೊತ್ತು ಇಳಿದು, ಕೆಳಗೆ ರಸ್ತೆಯಲ್ಲಿ ವ್ಯಾನಿನ ಹಾರನ್ನು ಕೂಗಿದಾಗಲೇ ಅವರಿಗೆ ಬೆಳಗಾಗುತ್ತಿದ್ದದ್ದು.

ಮದುವೆಯಾದ ವರ್ಷ ಹೀಗೇ ಮಲಗೆದ್ದು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. "ಗೋಪುರ ಹತ್ತಿದ್ರಾ? ನಮ್ಮನೆ ಕಾಣ್ತಾ?" ಎಂದಳು. ಇರುವ ಒಂದೇ ರಜೆಯನ್ನು ಮರದ ಬೇರಿಗೆ ಕೆನ್ನೆಯಿಟ್ಟು ಕಳೆದೆ ಎನ್ನಲು ಹೊಸ ಮದುಮಗನಿಗೆ ನಾಲಿಗೆ ಹೊರಳಲಿಲ್ಲ. "ಕಾಣದೆ ಏನು, ಚೆನ್ನಾಗೇ ಕಾಣ್ತು" ಎಂದುಬಿಟ್ಟ. ಅವಳ ಮುಖ ಅರಳಿದ್ದು ನೋಡಿ ಇನ್ನಷ್ಟು ರೈಲು ಬಿಟ್ಟ. ಬೇಕರಿಯ ಚಿಮಣಿ ಕಾಣ್ತು, ಬೀದಿ ಕಾಣ್ತು, ನಮ್ಮ ತಾರಸಿ ಕಾಣ್ತು.

ಮುಂದಿನ ವರ್ಷ ಹೊರಡುವ ಹಿಂದಿನ ಸಂಜೆ ಅವಳು ಹಳದಿ ಹೊದಿಕೆಯೊಂದನ್ನು ತೋರಿಸಿದಳು. "ಮಧ್ಯಾಹ್ನ ತಾರಸಿ ಮೇಲೆ ಇದನ್ನ ಬೀಸ್ತೀನಿ. ನೀವು ಮೇಲಿಂದ ನೋಡಿ." ಈ ಸಲ ಹತ್ತಿಯೇ ತೀರಬೇಕು ಎಂದು ಮಾಮ ಗಟ್ಟಿ ಮನಸ್ಸು ಮಾಡಿದ್ದ. ಆದರೆ ಮನಸ್ಸು ಎಷ್ಟು ಗಟ್ಟಿಯಾದರೇನು, ರೆಪ್ಪೆ ಮಾತು ಕೇಳಬೇಕಲ್ಲ. ಸಂಜೆ ಬಂದು, "ನೋಡ್ದೆ. ಹಳದಿ ಎದ್ದು ಕಾಣ್ತಿತ್ತು" ಎಂದ. ಅದು ವರ್ಷದ ವಾಡಿಕೆಯಾಗಿ ಹೋಯಿತು. ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಬೀಸಿದಳು. ಬಾಣಂತನ, ಕೈನೋವು ಯಾವುದಕ್ಕೂ ತಪ್ಪಿಸಲಿಲ್ಲ. ಮಾಮ ವರ್ಷಾ ವರ್ಷಾ ಕಂಡೆ ಎಂದ. ಹೇಳುವಾಗಲೆಲ್ಲ ಅವನಿಗೆ ಒಳಗೆ ಚುಚ್ಚುತ್ತಿತ್ತು. ಅವಳು ನಕ್ಕ ಕೂಡಲೇ ಮರೆತುಹೋಗುತ್ತಿತ್ತು.

ಆಮೇಲೆ ಧಣಿ ತೀರಿಕೊಂಡರು. ಅವರ ಮಕ್ಕಳಿಗೆ ಸೌದೆ ಒಲೆಯ ಸಹವಾಸ ಬೇಡವಾಯಿತು, ಬೇಕರಿ ಮುಚ್ಚಿತು. ಭೀಮನೂ ತೀರಿಹೋದ, ಜೊತೆಯವರು ಒಬ್ಬೊಬ್ಬರಾಗಿ ಎಲ್ಲೆಲ್ಲಿಗೋ ಚದುರಿದರು. ಮಾಮ ಕೆಲವು ತಿಂಗಳು ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತ ಬಿದ್ದುಕೊಂಡಿದ್ದು, ಕೊನೆಗೂ ಎಲ್ಲರ ಹಾಗೆ ಕತ್ತಲಲ್ಲಿ ಮಲಗಲು ಕಲಿತ. ಹೆಂಡತಿ ಕಪ್ಪು ಪರದೆ ತೆಗೆದಳು. ಒಂದು ದಿನ ಕಾಫಿ ಲೋಟ ಕೈಗಿಡುತ್ತ, "ಇಷ್ಟು ವರ್ಷ ನೀವೊಬ್ರೇ ನೋಡಿದ್ದಾಯ್ತು. ನನಗೂ ತೋರಿಸಿ ಆ ಗೋಪುರಾನ" ಎಂದಳು.

ಮನೆ ಅಲ್ಲಿಂದ ಕಾಣುತ್ತದೋ ಇಲ್ಲವೋ ಮಾಮನಿಗೇನು ಗೊತ್ತು? ಗುಡ್ಡ ಅಡ್ಡ ಬಂದರೆ? ಮರ ಮರೆ ಮಾಡಿದರೆ? ಒಂದು ಆಯುಷ್ಯದಷ್ಟು ಹಾರಿಸಿದ ಕಾಗೆಗಳೆಲ್ಲ ಒಂದೇ ಸಲ ಬಂದು ತಲೆಯ ಮೇಲೆ ಕೂರುತ್ತವೆ. "ನಿನ್ನ ಮಂಡಿ ಕೇಳತ್ತಾ? ಏರು ದಾರಿ ಅದು" ಎಂದು ನೋಡಿದ. "ನನ್ನ ಮಂಡಿ ಚಿಂತೆ ನನಗಿರ್ಲಿ" ಎಂದಳು.

ಬಸ್ಸಿಳಿದು ಕಾಡಿಗೆ ಕಾಲಿಟ್ಟರು. ಮಾಮ ಅಲ್ಲಿ ಪೂರ್ತಿ ಎಚ್ಚರವಾಗಿ ನಡೆದದ್ದು ಅದೇ ಮೊದಲು. ಸೇತುವೆಯ ಕೆಳಗೆ ನೀರು ಇಷ್ಟು ತಿಳಿಯಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಕಲ್ಲಿನ ಸಂದಿಯಲ್ಲಿ ಪಾಚಿ ಹಸಿರು ಹಿಟ್ಟಿನಂತೆ ಉಬ್ಬಿಕೊಂಡಿತ್ತು. ಎಲ್ಲೋ ಮರಕುಟಿಗ ಟಕಟಕ ಎನ್ನುತ್ತಿತ್ತು. ಸುಣ್ಣದ ಗೂಡಿನ ಮುಂದೆ ನಿಂತು ಎಂದಿನಂತೆ ಒಳಗೆ ತಲೆ ತೂರಿಸಿದ. ಹೊಗೆಯ ಮಾತಾಡಲು ಬೇಕರಿಯ ಜೊತೆಯವರು ಯಾರೂ ಇರಲಿಲ್ಲ. ಭೀಮನ ನೆನಪು ಒತ್ತರಿಸಿ ಬಂದು ಸ್ವಲ್ಪ ಹೊತ್ತು ತಲೆ ಹೊರಗೆ ತೆಗೆಯಲೇ ಇಲ್ಲ.

ದೊಡ್ಡ ಮರ ಬಂದಾಗ ಹೆಂಡತಿ ಬೇರಿನ ಮೇಲೆ ಕೂತು ನೀರು ಕುಡಿದಳು. "ಎಷ್ಟು ತಂಪಾಗಿದೆ. ಇಲ್ಲೇ ಮಲಗಿಬಿಡೋಣ ಅನ್ಸುತ್ತೆ." ಮಾಮ ತಕ್ಷಣ, "ಹಾಗಾದ್ರೆ ಇಲ್ಲೇ ಇದ್ದುಬಿಡೋಣ, ಮೇಲೇನಿದೆ ಮಹಾ" ಎಂದ. ಅವಳು ಆಗಲೇ ಎದ್ದು ಸೆರಗು ಸಿಕ್ಕಿಸಿಕೊಂಡಿದ್ದಳು.

ಗೋಪುರದ ಮೆಟ್ಟಿಲು ಸುರುಳಿ ಸುರುಳಿಯಾಗಿ ಮೇಲೇರಿತ್ತು. ಅವಳು ಮುಂದೆ, ಅವನು ಹಿಂದೆ. ಮೇಲೆ ಬಂದಾಗ ಗಾಳಿ ಮುಖಕ್ಕೆ ಬಡಿಯಿತು. ಮಾಮನಿಗೆ ಕಣ್ಣೆತ್ತಲು ಧೈರ್ಯ ಬರಲಿಲ್ಲ. ಕಟ್ಟೆಯ ಕಲ್ಲನ್ನೇ ಹಿಡಿದು ನಿಂತ.

"ಅಗೋ, ಚಿಮಣಿ" ಎಂದಳು ಹೆಂಡತಿ. "ಅದರ ಎಡಕ್ಕೆ ನೀರಿನ ಟ್ಯಾಂಕು. ಅದರ ಹಿಂದೆ ನೋಡಿ. ಬೆಳಿಗ್ಗೆ ಹೊದಿಕೆ ಒಣಹಾಕಿ ಬಂದಿದ್ದೆ."

ಮಾಮ ತಲೆಯೆತ್ತಿದ. ಊರು ಅಂಗೈಯಗಲ ಹರಡಿಕೊಂಡಿತ್ತು. ಚಿಮಣಿ ಸಿಕ್ಕಿತು, ಟ್ಯಾಂಕು ಸಿಕ್ಕಿತು, ಅದರ ಹಿಂದೆ ಕಾಳಿನಷ್ಟು ಹಳದಿ. ಅವನಿಗೆ ಹೋದ ಜೀವ ಬಂದಂತಾಯಿತು. ಖುಷಿಯಲ್ಲಿ ಹೆಂಡತಿಯ ತೋಳು ಹಿಡಿದು, "ಅಯ್ಯೋ ಮಾರಾಯ್ತಿ, ನಿಜವಾಗ್ಲೂ ಕಾಣುತ್ತಲ್ಲೇ" ಎಂದ.

ಎಂದಮೇಲೆ ಅವನಿಗೆ ತಾನೇನೆಂದೆ ಎನ್ನುವುದು ಕೇಳಿಸಿತು.

ಹೆಂಡತಿ ಮೆಲ್ಲಗೆ ತೋಳು ಬಿಡಿಸಿಕೊಂಡಳು. "ನಿಜವಾಗ್ಲೂ ಅಂದ್ರೆ?"

ಮಾಮನಿಗೆ ಇನ್ನೊಂದು ಸುಳ್ಳು ಹುಡುಕಿದರೆ ಸಿಗುತ್ತಿತ್ತೇನೋ. ಆದರೆ ಅವಳ ಕಣ್ಣು ಅವನ ಮುಖದಿಂದ ಕದಲಲಿಲ್ಲ. ಎಲ್ಲ ಹೇಳಿದ. ವ್ಯಾನು, ಭೀಮನ ಐದು ನಿಮಿಷ, ಮರ, ಗೊರಕೆ. ಅವಳು ನಗುತ್ತಾಳೆಂದು ಕೊನೆಗೆ ಗೊರಕೆಯನ್ನು ಅಭಿನಯಿಸಿಯೂ ತೋರಿಸಿದ. ಅವಳು ನಗಲಿಲ್ಲ.

"ಅಕ್ಕಪಕ್ಕದವರು ಹುಚ್ಚಿ ಅನ್ಕೊಂಡ್ರು" ಎಂದಳು ಊರಿನ ಕಡೆ ನೋಡುತ್ತ. "ನಾನು ಯಾರಿಗೆ ಬೀಸ್ತಿದ್ದೆ?"

ಇಳಿಯುವಾಗ ಮರದ ಹತ್ತಿರ ನಿಂತು, "ಇದೇನಾ?" ಎಂದಷ್ಟೇ ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಬಸ್ಸಿನಲ್ಲಿ ಮಾತಿಲ್ಲ, ಊಟದಲ್ಲಿ ಮಾತಿಲ್ಲ. ಕಪ್ಪು ಪರದೆಯಿದ್ದ ಕಾಲದಲ್ಲೂ ಆ ಮನೆ ಇಷ್ಟು ಸದ್ದಡಗಿರಲಿಲ್ಲ. ಎರಡು ದಿನ ಮಾಮ ತಾನೇ ಪಾತ್ರೆ ತೊಳೆದ, ಕೇಳದಿದ್ದರೂ ಕಾಫಿ ಮಾಡಿಕೊಟ್ಟ. ಮೂರನೆಯ ದಿನ ಅವಳು ಬಾಯಿಬಿಟ್ಟಳು. "ಭಾನುವಾರ ಮಗಳ ಜೊತೆ ಮತ್ತೆ ಹೋಗ್ತೀನಿ. ನೀವು ಬರ್ಬೇಡಿ. ಮಧ್ಯಾಹ್ನ ತಾರಸಿಗೆ ಹೋಗಿ."

ಅದೇ ಊರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳಿಗೆ ಸಂಗತಿ ಏನೆಂದು ತಿಳಿದಿತ್ತೋ ಇಲ್ಲವೋ. ಭಾನುವಾರ ಬೆಳಿಗ್ಗೆ ಬಂದವಳು ಅಪ್ಪನ ಮುಖ ನೋಡಿ ತುಟಿ ಕಚ್ಚಿಕೊಂಡೇ ಅಮ್ಮನನ್ನು ಕರೆದೊಯ್ದಳು.

ಮಧ್ಯಾಹ್ನ ಮಾಮ ತಾರಸಿ ಹತ್ತಿದ. ಬಿಸಿಲು ಒಲೆಯ ಬಾಯಿಯಂತೆ ರಾಚುತ್ತಿತ್ತು. ಹೊದಿಕೆಯ ಒಂದು ತುದಿ ಹಿಡಿದು ಬೀಸತೊಡಗಿದ. ಗುಡ್ಡದ ಕಡೆ ಕಣ್ಣು ಕಿರಿದು ಮಾಡಿ ನೋಡಿದ. ಬರೀ ಹಸಿರು ಮಬ್ಬು. ಕಲ್ಲಿನ ಬಣ್ಣ ಮರಗಳಲ್ಲಿ ಬೆರೆತುಹೋಗಿ ಗೋಪುರವೇ ಗೊತ್ತಾಗುತ್ತಿರಲಿಲ್ಲ, ಇನ್ನು ಮನುಷ್ಯರೆಲ್ಲಿ. ಇಷ್ಟು ವರ್ಷ ಅವಳಿಗೂ ಇಷ್ಟೇ ಕಂಡಿರಬೇಕು. ಏನೂ ಕಾಣದ ಕಡೆಗೆ, ಬರೀ ತನ್ನ ಮಾತು ನಂಬಿ, ಮಗುವನ್ನು ಎತ್ತಿಕೊಂಡು ಬೀಸಿದಳಲ್ಲ ಎಂದುಕೊಂಡಾಗ ಅವನು ಹೊದಿಕೆಯನ್ನು ಇನ್ನಷ್ಟು ಮೇಲೆತ್ತಿ ಬೀಸಿದ.

ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು, "ಏನ್ ಮಾಮ, ಯಾರನ್ನ ಕರೀತಿದ್ದೀರಿ?" ಎಂದು ನಕ್ಕಳು. "ನನ್ನ ಹೆಂಡ್ತೀನ" ಎಂದ ಮಾಮ. ಅವಳು ಇನ್ನೂ ನಕ್ಕಳು.

ಭುಜ ಸೋತು ಕೈ ಕೆಳಗಿಳಿಯುವ ಹೊತ್ತಿಗೆ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ಮಗಳು.

"ಅಪ್ಪಾ, ಕಾಣ್ತಿದೀಯ."

"ಅಮ್ಮ ನೋಡಿದ್ಲಾ?"

"ನೋಡ್ತಿದಾಳೆ. ಆಗ್ಲಿಂದ ಕಣ್ಣೇ ತೆಗೆದಿಲ್ಲ."

"ಸರಿ, ಹಾಗಾದ್ರೆ ಇಳೀಲೇನು? ಕೈ ಬಿದ್ದುಹೋಗ್ತಿದೆ."

ಆ ಕಡೆ ಗಾಳಿಯ ಸದ್ದು, ಏನೋ ಪಿಸುಮಾತು. ಮಗಳು ನಗು ತಡೆದುಕೊಂಡು ಹೇಳಿದಳು: "ಈಗ್ಲೇ ನಿಲ್ಲಿಸ್ಬಾರ್ದಂತೆ."

ಮಾಮ ಫೋನು ಜೇಬಿಗಿಟ್ಟುಕೊಂಡ. ಹೊದಿಕೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಮತ್ತೆ ಬೀಸತೊಡಗಿದ.